ಗಫಾರ್ ಸಾಬರ ಕಡಸು ಮತ್ತು ಮೌಲ್ವಿಯವರ ಪ್ರಶ್ನೆ

1982 ಇರಬೇಕು, 83 ಆದರೂ ಆಗಿರಬಹುದು. ತರೀಕೆರೆ ಕಡೆಯ ಒಂದು ಸಣ್ಣ ಪಶು ಚಿಕಿತ್ಸಾಲಯದಲ್ಲಿ ನಾನು ವೈದ್ಯನಾಗಿದ್ದೆ. ಹೋರಿಯ ವೀರ್ಯವನ್ನು ಲಿಕ್ವಿಡ್ ನೈಟ್ರೋಜನ್‌ನಲ್ಲಿ ಹೆಪ್ಪುಗಟ್ಟಿಸಿಟ್ಟು ಹಸುಗಳಿಗೆ ಗರ್ಭ ಕಟ್ಟಿಸುವ ಕ್ರಮ ಅಲ್ಲಿನವರಿಗೆ ಆಗ ಹೊಸದು. ಜನ ಅದನ್ನು ಬರಿಯ ‘ಇಂಜೆಕ್ಷನ್’ ಎನ್ನುತ್ತಿದ್ದರು. ವಿಶ್ವವಿದ್ಯಾಲಯದಿಂದ ನೇರ ಬಂದಿದ್ದ ನನಗೆ ವಿಜ್ಞಾನದ ಮೇಲೆ ಅನುಮಾನವಿರಲಿಲ್ಲ; ಉಳಿದೆಲ್ಲದರ ಮೇಲೂ ಇತ್ತು.

ಒಂದು ಬೆಳಿಗ್ಗೆ ಗಾಡಿ ಹೊಡೆಯುವ ಗಫಾರ್ ಸಾಬರು ಬೆದೆಗೆ ಬಂದ ಕಡಸನ್ನು ಹಿಡಿದು ತಂದರು. ಗಿಡ್ಡ ಜಾತಿಯದು, ಇನ್ನೂ ಒಮ್ಮೆಯೂ ಕರು ಹಾಕದ್ದು, ಅವರಿಗಿದ್ದ ಒಂದೇ ಹಸು. ಗೇಟಿನಲ್ಲೇ ನಿಂತುಬಿಟ್ಟರು.

“ಸಾರ್, ಹಜ್ರತ್ರನ್ನ ಒಂದ್ ಮಾತು ಕೇಳ್ಬೇಕು.”

ಹಜ್ರತ್ ಎಂದರೆ ಅವರ ಮಸೀದಿಯ ಮೌಲ್ವಿ. ಬೆದೆ ಒಂದು ದಿನವೂ ನಿಲ್ಲುವುದಿಲ್ಲ. ಸಿಟ್ಟಿನಿಂದ ಸೈಕಲ್ ಹತ್ತಿ ನಾನೇ ಹೋದೆ.

ಮೌಲ್ವಿಯವರು ಚಾಪೆ ಹಾಸಿ ಕೂರಿಸಿದರು. “ಹೋರಿ ಹಾರಿದ್ದಕ್ಕೆ ಬೆಲೆ ತಗೊಳ್ಳೋದು ನಮ್ಮ ಶರೀಅತ್‌ನಲ್ಲಿ ಬೇಡ ಅಂದವ್ರೆ ಡಾಕ್ಟ್ರೇ. ಗರ್ಭ ನಿಲ್ತದೋ ಇಲ್ವೋ ಯಾರಿಗ್ ಗೊತ್ತು? ಗೊತ್ತಿಲ್ಲದ್ದನ್ನ ಹೆಂಗ್ ಮಾರ್ತೀರಿ? ಕೈಕೆಲ್ಸಕ್ಕೆ ಕೂಲಿ ಆದ್ರೆ ಸರಿ.”

“ನಾವು ತಗೊಳ್ಳೋದು ಕೆಲಸಕ್ಕೇ ಸ್ವಾಮಿ.”

“ಹಂಗಾದ್ರೆ ಹೋರಿ ಪುಕ್ಕಟೆ ದುಡೀತದೆ ಅನ್ನಿ!” ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ಕೇಳಿದರು: “ಮೂಕಪ್ರಾಣಿಗೆ ತೊಂದ್ರೆ ಕೊಡಂಗಿಲ್ಲ. ಅದಕ್ಕೇನೂ ಅಪಾಯ ಇಲ್ಲ ತಾನೆ? ನೀವು ಓದ್ದೋರು, ನೀವೇ ಹೇಳಿ.”

“ಏನೂ ಆಗಲ್ಲ,” ಎಂದೆ. ಆ ಒಂದು ಮಾತಿನ ಮೇಲೆ ಅವರು ಒಪ್ಪಿದರು.

ಆ ದಿನ ಸಣ್ಣ ಮೈಕಟ್ಟಿನ ಜೆರ್ಸಿ ಹೋರಿಯ ವೀರ್ಯ ಮುಗಿದಿತ್ತು; ಮೌಲ್ವಿಯವರ ಹತ್ತಿರ ಹೋಗುವ ಮೊದಲೇ ಅದು ನನಗೆ ಗೊತ್ತಿತ್ತು. ಇದ್ದದ್ದು ದೊಡ್ಡ ಮೈಕಟ್ಟಿನ ಹೋಲ್‌ಸ್ಟೀನ್ ಹೋರಿಯದು. ಗಿಡ್ಡ ಕಡಸಿಗೆ ಅದನ್ನು ಕೊಟ್ಟರೆ ಕರು ಹೊಟ್ಟೆಯಲ್ಲೇ ದಪ್ಪ ಬೆಳೆದು ಹೆರಿಗೆ ಕಷ್ಟವಾಗಬಹುದೆಂದು ಓದಿದ್ದೆ. ಮೌಲ್ವಿಯವರನ್ನು ಗೆದ್ದು ಬಂದ ಹುರುಪಿನಲ್ಲಿ ಅದನ್ನೇ ಹಾಕಿದೆ.

ಒಂಬತ್ತು ತಿಂಗಳ ಮೇಲೆ ಗಫಾರ್ ಸಾಬರು ಓಡಿಬಂದರು. ನಾನು ಹೋಗುವಷ್ಟರಲ್ಲಿ ಕರುವಿನ ತಲೆ ಹೊರಬಂದು ನಾಲಿಗೆ ನೀಲಿಯಾಗಿತ್ತು. ಭುಜ ಸಿಕ್ಕಿಕೊಂಡಿತ್ತು. ಸತ್ತ ಕರುವನ್ನು ಒಳಗೇ ತುಂಡು ಮಾಡಿ ತೆಗೆಯಬೇಕಾಯಿತು. ಕೊಯ್ಯುವ ವೈರಿನ ಒಂದು ತುದಿಯನ್ನು ಗಫಾರ್ ಸಾಬರೇ ಹಿಡಿದರು. ಕಡಸು ಮತ್ತೆ ಏಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸತ್ತಿತು.

ಮೌಲ್ವಿಯವರು ಬಂದು ಆ ದಪ್ಪ ಕರುವನ್ನು ನೋಡಿದರು. ಬೈಗುಳಕ್ಕೆ ಸಿದ್ಧನಾಗಿದ್ದೆ. ಅವರು ಗಫಾರ್ ಸಾಬರ ಕೈ ಹಿಡಿದು, “ತಪ್ಪು ನಂದೂ ಐತೆ ಕಣಪ್ಪಾ. ಯಾವ ಹೋರಿ ಅಂತ ನಾನು ಕೇಳ್ಬೇಕಿತ್ತು,” ಎಂದರು. ಹೋರಿ ಯಾವುದೆಂದು ಗೊತ್ತಿದ್ದವನು ನಾನು.

“ಹೋಗ್ಲಿ ಬಿಡಿ ಹಜ್ರತ್. ಅವ್ರು ನಿಮಗೆ ಹೇಳಿದ್ರು, ನೀವು ನನಗೆ ಹೇಳಿದ್ರಿ. ಈ ಮೂಕಪ್ರಾಣಿಗೆ ಯಾರೂ ಹೇಳ್ಲಿಲ್ಲ,” ಎಂದು ಗಫಾರ್ ಸಾಬರು ಕಡಸಿನ ಮೇಲೆ ಗೋಣಿಚೀಲ ಎಳೆದರು.

ಎಷ್ಟೋ ವರ್ಷ ಈ ಪ್ರಸಂಗ ಹೇಳುವಾಗ “ಸಾಮಾನ್ಯವಾಗಿ ಏನೂ ಆಗಲ್ಲ ಅಂದಿದ್ದೆ” ಎನ್ನುತ್ತಿದ್ದೆ. ಆ ‘ಸಾಮಾನ್ಯವಾಗಿ’ ನನ್ನ ನೆನಪು ಆಮೇಲೆ ಸೇರಿಸಿದ್ದು ಎಂದು ಈಗ ಅನಿಸುತ್ತದೆ. ಹೊಸ ವಿದ್ಯೆಗೆ ಅಡ್ಡ ಬಂದರು ಎಂದು ನಾನು ಅಂದುಕೊಂಡಿದ್ದ ಮೌಲ್ವಿಯವರು ಅಪಾಯದ ಬಗ್ಗೆ ಕೇಳಿದ್ದು ನನ್ನ ಪ್ರಾಧ್ಯಾಪಕರು ಕೇಳಬಹುದಾಗಿದ್ದ ಪ್ರಶ್ನೆಯನ್ನೇ. ಉತ್ತರ ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ.