ಗುಡ್ಡೆ ಹತ್ತಿದ ಮನೆ, ತೆರೆಯದ ಬಾಗಿಲು

ಗೆಳೆಯರೇ, ಈ ಸಲ ನಾನು ನಿಜಕ್ಕೂ ಏನೂ ಚೇಷ್ಟೆ ಮಾಡಿರಲಿಲ್ಲ.

ಲಡಾಖಿಗೆ ಹೋಗಲೆಂದು ಹಳೇ ಲಾರಿಯ ಮೇಲೆ ಪುಟ್ಟ ಮನೆ ಕಟ್ಟುತ್ತಿದ್ದೇನಲ್ಲ, ಇವತ್ತು ಭಾಂಡುಪ್‌ನ ಶೆಡ್ಡಿನ ಹಿಂದೆ ಅದರ ಒಂದು ಚಕ್ರವನ್ನು ಮಣ್ಣುಗುಡ್ಡೆ ಹತ್ತಿಸಿ ಪರೀಕ್ಷೆಗೆ ನಿಲ್ಲಿಸಿದೆ. ಪ್ರವಾಸಕ್ಕೆ ಬರಲೋ ಬೇಡವೋ ಎಂದು ಇನ್ನೂ ಯೋಚಿಸುತ್ತಿದ್ದ ನನ್ನ ಹೆಂಡತಿ ಒಳಗೇ ಚಹಾ ಮಾಡಿದಳು. ನಾನು ಹೊರಗಿದ್ದೆ; ಅವಳು ಹೊರಗೆ ಬರಹೋದರೆ ಬಾಗಿಲು ತೆರೆಯಲಿಲ್ಲ.

"ರೀ, ಸಾಕ್ ಮಾಡ್ರಿ ನಿಮ್ಮ ಚ್ಯಾಷ್ಟಿ. ಬಾಗ್ಲಾ ತಗೀರಿ."

"ದೇವರಾಣಿ, ನಾ ಹಿಡ್ದಿಲ್ಲ!"

"ಹೋದ ವಾರನೂ ಹಿಂಗಽ ಆಣಿ ಮಾಡಿದ್ರಿ!"

ಎಳೆದೆ, ಗುದ್ದಿದೆ. ಆಮೇಲೆ ಹೊಳೆಯಿತು. ಗಟ್ಟಿಯಾಗಿರಲಿ ಎಂದು ಮನೆಯನ್ನು ಲಾರಿಯ ಚಾಸಿಗೆ, ಅಂದರೆ ಅಡಿಯ ಕಬ್ಬಿಣದ ಚೌಕಟ್ಟಿಗೆ, ಬೋಲ್ಟ್ ಹಾಕಿ ಬಿಗಿದಿದ್ದೆ. ಗುಡ್ಡೆಯ ಮೇಲೆ ಚಾಸಿ ತಿರುಚಿದಾಗ ಮನೆಯೂ ತಿರುಚಿ ಬಾಗಿಲು ಸಿಕ್ಕಿಕೊಂಡಿತ್ತು. ನಡುವೆ ಸ್ಪ್ರಿಂಗ್ ಇಟ್ಟು ಸ್ವಲ್ಪ ಆಡಲು ಬಿಡಬೇಕಿತ್ತು.

ಲಾರಿಯನ್ನು ಸಮನೆಲಕ್ಕೆ ಇಳಿಸಿದೆ. ಬಾಗಿಲು ತಾನಾಗಿ ತೆರೆದುಕೊಂಡಿತು. ಆರಿದ ಚಹಾ ಹಿಡಿದು ಇಳಿದವಳ ಮುಖ ನೋಡಿ, ಇನ್ನು ಲಡಾಖಿಗೆ ನಾನೊಬ್ಬನೇ ಅಂದುಕೊಂಡೆ.

"ಬರ್ತೀನ್ರಿ," ಅಂದಳು. "ಆದ್ರ ನಾ ಒಳಗಿದ್ರ ನೀವೂ ಒಳಗಽ ಇರ್ಬೇಕು. ಸಿಕ್ಕೊಂಡ್ರ ಇಬ್ರೂ ಕೂಡೇ ಸಿಕ್ಕೊಳ್ಳೋಣು."

ಸ್ಪ್ರಿಂಗ್ ಹಾಕಿಸಿದರೆ ಬಾಗಿಲು ಸರಿಹೋಗುತ್ತದೆ. ನನ್ನ ಆಣೆಯನ್ನು ಇವಳು ನಂಬುವಂತಾಗಲು ಏನು ಹಾಕಿಸಬೇಕೋ, ಗೊತ್ತಿದ್ದವರು ಹೇಳಿ.