ನಿಂಗಕ್ಕನ ದಾರದ ಗಂಟು

ಹೊಳಲ್ಕೆರೆಯಲ್ಲಿ ಓಬಯ್ಯನ ಮನೆ ಯಾವುದು ಅಂತ ಕೇಳಿದರೆ ಜನ ನಾಲ್ಕು ಓಬಯ್ಯಂದಿರ ಮನೆ ತೋರಿಸುತ್ತಾರೆ. ಕರೆಂಟ್ ಓಬಯ್ಯ ಅಂದರೆ ಮಾತ್ರ ಒಬ್ಬನೇ. ಇಪ್ಪತ್ತಾರು ವರ್ಷದಿಂದ ಆ ಊರಿನ ಅರ್ಧದಷ್ಟು ಮನೆಗಳಿಗೆ ವೈರು ಎಳೆದು ದೀಪ ಹತ್ತಿಸಿದವನು ಅವನೇ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಕೆಲಸಕ್ಕೆ ಹೊರಟನೆಂದರೆ ಮೊಪೆಡ್ಡಿನ ಹಿಂದೆ ಹೆಂಡತಿ ನಿಂಗಕ್ಕ ಏಣಿಯನ್ನು ಹೆಗಲಿಗೆ ಏರಿಸಿಕೊಂಡು ಕುಳಿತಿರಲೇಬೇಕು. ಅದನ್ನು ನೋಡಿ ಬಸ್‌ಸ್ಟ್ಯಾಂಡಿನ ಸೋಮಾರಿಗಳು ಹಲ್ಲು ಕಿಸಿಯುತ್ತಿದ್ದರು.

"ಏನ್ ಓಬಣ್ಣ, ಶಾಕ್ ಹೊಡೆದ್ರೆ ಹಿಡ್ಕಣಾಕೆ ಮನೆಯವ್ರನ್ನೂ ಕರ್ಕಂಡ್ ಹೊಂಟಿಯೇನು?"

ಓಬಯ್ಯ ನಕ್ಕು ಮುಂದೆ ಹೋಗುತ್ತಿದ್ದ. ನಿಜ ಹೇಳುವ ಹಾಗಿರಲಿಲ್ಲ. ನಿಜ ಏನೆಂದರೆ, ಅವನಿಗೆ ಕೆಂಪು ಯಾವುದು ಹಸಿರು ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ಎರಡೂ ಒಂದೇ, ಒಣಗಿದ ಕೆಮ್ಮಣ್ಣಿನ ಹಾಗೆ. ಚಿಕ್ಕವನಿದ್ದಾಗ ಹಣ್ಣು ಮೆಣಸಿನಕಾಯಿ ಬಿಡಿಸಿಕೊಂಡು ಬಾ ಎಂದು ಕಳಿಸಿದರೆ ಹಸಿಯದನ್ನೂ ಸೇರಿಸಿ ಮಡಿಲು ತುಂಬಿಕೊಂಡು ಬಂದು ಅವ್ವನ ಕೈಲಿ ಒದೆ ತಿಂದಿದ್ದ. ಸೋಂಬೇರಿ ಅಂದುಕೊಂಡಳೇ ಹೊರತು ಕಣ್ಣಿನ ದೋಷ ಅಂತ ಅವಳಿಗೂ ಹೊಳೆಯಲಿಲ್ಲ.

ಇಂಥವನು ಹೋಗಿ ಹೋಗಿ ಕರೆಂಟಿನ ಕೆಲಸ ಕಲಿತ. ಹೊಸದುರ್ಗದಲ್ಲಿ ಉಸ್ಮಾನ್ ಸಾಬರ ಹತ್ತಿರ ಮೂರು ವರ್ಷ ಇದ್ದ. ಕೆಂಪು ವೈರಿನಲ್ಲಿ ಕರೆಂಟು ಬರುತ್ತದೆ, ಕಪ್ಪು ವೈರಿನಲ್ಲಿ ವಾಪಸು ಹೋಗುತ್ತದೆ, ಹಸಿರು ವೈರು ದೀಪದ ಲೋಹದ ಮೈಯಿಂದ ಭೂಮಿಗೆ ಹೋಗುತ್ತದೆ, ಅದರಲ್ಲಿ ಕರೆಂಟು ಇರುವುದಿಲ್ಲ. ಮಗುವಿಗೂ ಅರ್ಥವಾಗುವ ಪಾಠ. ಸಾಬರು ಮುಂದೆ ನಿಂತು ಒಂದೊಂದೇ ವೈರು ಕೈಗೆ ಕೊಡುತ್ತಿದ್ದುದರಿಂದ ಇವನ ಗುಟ್ಟು ಹೇಗೋ ಉಳಿದುಕೊಂಡಿತು.

ಗುಟ್ಟು ಸಿಕ್ಕಿದ್ದು ನಿಂಗಕ್ಕನಿಗೆ. ಮದುವೆಯಾದ ವರ್ಷ ಹಸಿರು ಬಳೆ ತರಲು ಹೇಳಿದರೆ ಎರಡು ಡಜನ್ ಕೆಂಪು ಬಳೆ ತಂದು ಹೆಮ್ಮೆಯಿಂದ ಮುಂದೆ ಇಟ್ಟ. ಅವಳು ಬಿದ್ದು ಬಿದ್ದು ನಕ್ಕಳು. ಆಮೇಲೆ ಅವನ ಮುಖ ನೋಡಿದಳು, ಮೂಲೆಯಲ್ಲಿದ್ದ ವೈರಿನ ಸುರುಳಿಗಳನ್ನು ನೋಡಿದಳು, ನಗು ನಿಂತುಹೋಯಿತು. ಮಾರನೆಯ ದಿನವೇ ದಾರದ ಉಂಡೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವನ ಜೊತೆ ಕೆಲಸಕ್ಕೆ ಹೊರಟಳು. ಕೆಂಪು ವೈರಿನ ತುದಿಗೆ ಒಂದು ಗಂಟಿನ ದಾರ, ಹಸಿರಿಗೆ ಮೂರು ಗಂಟಿನದು. ಕಪ್ಪು ಅವನಿಗೆ ಕಾಣುತ್ತಿತ್ತು, ಅದಕ್ಕೇನೂ ಬೇಕಿರಲಿಲ್ಲ. ಅವಳು ಕಟ್ಟುತ್ತಾ ಹೋಗುತ್ತಿದ್ದಳು, ಅವನು ಬೆರಳಲ್ಲಿ ಗಂಟು ಮುಟ್ಟಿ ನೋಡಿ ಒಂದೇ ಜಾತಿಯ ತುದಿಗಳನ್ನೆಲ್ಲ ಒಟ್ಟು ಮಾಡಿ, ಇಕ್ಕಳದಿಂದ ಹುರಿ ಹೊಸೆದು, ಟೇಪು ಸುತ್ತುತ್ತಿದ್ದ.

ಊರಿನವರ ತಲೆ ನೋಡಿ, ಅದಕ್ಕೂ ಒಂದು ಕಥೆ ಕಟ್ಟಿದರು. ನಿಂಗಕ್ಕನದು ಹರಕೆಯ ದಾರವಂತೆ, ಅದನ್ನು ಕಟ್ಟಿದ ಮನೆಯಲ್ಲಿ ವೈರು ಸುಡುವುದಿಲ್ಲವಂತೆ. ಕೆಲವರು ಅರಿಶಿನ ತಂದುಕೊಟ್ಟು, "ದಾರಕ್ಕೆ ಸವರಿ ಕಟ್ಟಮ್ಮ" ಅನ್ನುತ್ತಿದ್ದರು. ಅವಳು ಗಂಭೀರವಾಗಿ ಸವರಿ ಕಟ್ಟುತ್ತಿದ್ದಳು. ಗಂಡನ ಮಾನ ಮುಚ್ಚಲು ದೇವರೇ ಒಂದು ನೆಪ ಕೊಟ್ಟ ಮೇಲೆ ಬೇಡ ಅನ್ನುವವಳು ಅವಳಲ್ಲ.

ಮಗಳನ್ನು ಹಿರಿಯೂರಿಗೆ ಕೊಟ್ಟದ್ದು ಇದೇ ದುಡಿಮೆಯಿಂದ. ಎರಡು ಅಂಕಣದ ಮನೆ ಕಟ್ಟಿದ್ದೂ ಇದರಿಂದಲೇ. ಇಪ್ಪತ್ತಾರು ವರ್ಷದಲ್ಲಿ ಒಂದು ಗಂಟೂ ತಪ್ಪಿರಲಿಲ್ಲ.

ಕಳೆದ ದೀಪಾವಳಿಯಿಂದೀಚೆಗೆ ನಿಂಗಕ್ಕನ ಕೈ ನಿಧಾನವಾಯಿತು. ವೈರಿನ ತುದಿಯನ್ನು ಕಿಟಕಿಯ ಹತ್ತಿರ ಒಯ್ದು ತಿರುಗಿಸಿ ತಿರುಗಿಸಿ ನೋಡುವಳು. ಓಬಯ್ಯನಿಗೆ ಸಿಟ್ಟು.

"ಏ, ಬೇಗ ಕಟ್ಟೇ. ಚಿನ್ನದ ಸರ ನೋಡ್ದಂಗೆ ನೋಡ್ತೀಯಲ್ಲ."

"ತಡಿರಿ, ಅವಸರ ಮಾಡಬ್ಯಾಡ್ರಿ" ಎನ್ನುವಳು, ಅಷ್ಟೇ. ವಯಸ್ಸಾಯಿತು ಅಂದುಕೊಂಡು ಅವನು ಬಿಟ್ಟುಬಿಡುತ್ತಿದ್ದ. ಒಮ್ಮೆ ನಿಂತು ಕೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತೋ.

ಈ ವರ್ಷ ಕಾಳಿನ ವ್ಯಾಪಾರಿ ಮುರುಗೇಶಪ್ಪ ಸಿರಿಗೆರೆ ಕಡೆಯ ರಸ್ತೆಯಲ್ಲಿ ಹೊಸ ಮನೆ ಕಟ್ಟಿಸಿದ. ನಡುಮನೆಯಲ್ಲಿ ಏಳು ದೀಪ, ಏಳೂ ಒಂದೇ ಸ್ವಿಚ್ಚಿಗೆ ಒಟ್ಟಿಗೆ ಹತ್ತಬೇಕು, ನಟ್ಟನಡುವೆ ದೇವರ ಮನೆಯ ಬಾಗಿಲ ಮುಂದೆ ಹಿತ್ತಾಳೆಯ ದೊಡ್ಡ ತೂಗುದೀಪ. ಸಾವಕಾರನ ಆಸೆ. ಹಾಗಾಗಿ ಏಳು ದೀಪದ ವೈರುಗಳೂ ಬಾಗಿಲ ಮೇಲಿನ ಒಂದೇ ಪೆಟ್ಟಿಗೆಗೆ ಬಂದು ಇಳಿದವು. ಒಂದೊಂದಕ್ಕೆ ಮೂರರಂತೆ ಇಪ್ಪತ್ತೊಂದು ತುದಿ. ಮನೆಗೆ ಇನ್ನೂ ಮೀಟರು ಬಂದಿರಲಿಲ್ಲ, ಕರೆಂಟೇ ಇಲ್ಲದ್ದರಿಂದ ಟೆಸ್ಟರ್ ಇಟ್ಟು ನೋಡುವ ಹಾಗೂ ಇರಲಿಲ್ಲ. ಮೋಡ ಕವಿದ ಸಂಜೆ. ನಿಂಗಕ್ಕ ಸ್ಟೂಲಿನ ಮೇಲೆ ನಿಂತು ಗಂಟು ಕಟ್ಟಿದಳು, ಓಬಯ್ಯ ಬೆರಳಲ್ಲಿ ಮುಟ್ಟಿ ಹೊಸೆದ, ಪೆಟ್ಟಿಗೆ ಮುಚ್ಚಿದ.

ಎಂಟು ದಿನ ಬಿಟ್ಟು ಮೀಟರು ಬಂತು. ಸೋಮವಾರ ಬೆಳಿಗ್ಗೆ ಒಳ್ಳೆಯ ಗಳಿಗೆ ನೋಡಿ ದೀಪ ಹಾಕುವುದೆಂದು ನೆಂಟರನ್ನು ಕರೆದಿದ್ದರು. ಮೊದಲ ಸ್ವಿಚ್ಚನ್ನು ಮನೆಯ ಹೆಣ್ಣುಮಗಳೇ ಒತ್ತಬೇಕು, ಅದಕ್ಕೆ ಮುಂಚೆ ಕೆಲಸದವನು ಹಾಕಿ ನೋಡಿದರೆ ಎಂಜಲಾದಂತೆ, ಅದು ಆ ಕಡೆಯ ಮನೆಗಳ ನಂಬಿಕೆ. ಓಬಯ್ಯ ಅದಕ್ಕೆ ಎಂದೂ ಎದುರಾಡಿದವನಲ್ಲ. ತನ್ನ ಕೆಲಸದ ಮೇಲೆ ಅಷ್ಟು ಭರವಸೆ. ಮುರುಗೇಶಪ್ಪನ ಸೊಸೆ ಸಹನಾ ಸ್ವಿಚ್ಚಿಗೆ ಕುಂಕುಮ ಹಚ್ಚಿ ಒತ್ತಿದಳು. ಆರು ದೀಪ ಹತ್ತಿದವು. ಹಿತ್ತಾಳೆಯದು ಹತ್ತಲಿಲ್ಲ.

"ಬಲ್ಬು ಸಡಿಲ ಇರ್ಬೇಕು" ಎಂದು ಸಹನಾ ಅಲುಗಾಡಿಸಲು ಕೈ ಚಾಚಿದಳು.

"ಮುಟ್ಟಬ್ಯಾಡವ್ವಾ!" ನಿಂಗಕ್ಕ ಚೀರಿಕೊಂಡು ಓಡಿ ಬಂದು ಅವಳ ಸೆರಗು ಹಿಡಿದು ಎಳೆದಳು. ಇಬ್ಬರೂ ನೆಲಕ್ಕೆ ಬಿದ್ದರು. ಕುಂಕುಮದ ಬಟ್ಟಲು ಉರುಳಿತು.

ಓಬಯ್ಯ ಮುಂದೆ ಬಂದು ಟೆಸ್ಟರನ್ನು ಹಿತ್ತಾಳೆಗೆ ತಾಗಿಸಿದ. ಟೆಸ್ಟರಿನೊಳಗಿನ ದೀಪ ಹತ್ತಿತು. ದೀಪಕ್ಕೆ ಹೋಗಬೇಕಾದ ಕರೆಂಟು ದೀಪದ ಮೈಗೆ ಹರಿದಿತ್ತು. ಆ ಹುಡುಗಿ ಬರಿಗಾಲಲ್ಲಿ ನಿಂತಿದ್ದಳು, ನೆಲವನ್ನು ಆಗಷ್ಟೇ ಒರೆಸಿದ್ದರು.

"ಮೈಗೆ ಕರೆಂಟ್ ಬಂದೈತೇನಪ್ಪ?" ಮುರುಗೇಶಪ್ಪ ಕೇಳಿದ. ಆಮೇಲೆ ನಿಂಗಕ್ಕನ ಕಡೆ ತಿರುಗಿದ. "ನಿಂಗೆಂಗೆ ಗೊತ್ತಾತಮ್ಮ?"

ಎಲ್ಲರೂ ಅವಳನ್ನೇ ನೋಡಿದರು. ಅವಳು ಗಂಡನ ಕಡೆ ನೋಡಲಿಲ್ಲ.

"ನಂದೇ ತಪ್ಪು ಸಾವ್ಕಾರ್ರೆ. ಅವ್ರು ಸರಿಯಾಗೇ ಕಟ್ಟಿದ್ರು. ದಾರ ಇನ್ನೊಂದ್ಸಲ ಕಟ್ಟಾಣ ಅಂತ ಅವ್ರು ಇಲ್ದಾಗ ನಾನೇ ಏಣಿ ಹತ್ತಿ ಟೇಪ್ ಬಿಚ್ಚಿದ್ದೆ. ಎಲ್ಡು ವೈರು ಅದಲುಬದಲು ಆದ್ವು ಅಂತ ಕಾಣ್ತತೆ."

ಶುದ್ಧ ಸುಳ್ಳು. ಅದು ಸುಳ್ಳೆಂದು ಆ ಮನೆಯಲ್ಲಿ ಗೊತ್ತಿದ್ದವರು ಇಬ್ಬರೇ. ಜನ ಮುಗಿಬಿದ್ದರು. ದಾರವಂತೆ ದಾರ, ಒಂದು ಜೀವ ಹೋಗುತ್ತಿತ್ತಲ್ಲ ಅಂದರು. ಗಂಡಸರ ಕೆಲಸದಲ್ಲಿ ಹೆಂಗಸಿಗೇನು ಕೆಲಸ ಅಂದರು. ನಿನ್ನೆವರೆಗೆ ಅರಿಶಿನ ತಂದುಕೊಟ್ಟವರೇ ಅವರು. ಓಬಯ್ಯ ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಟ್ಟ, ಆದರೆ ಬೇರೆಯದಕ್ಕೆ.

"ಎದ್ದು ಆಚೆ ನಡಿಯೇ! ನಿನ್ನ ಕಟ್ಕಂಡು ನನ್ ಹೆಸ್ರೇ ಹಾಳಾತು. ಇನ್ ಮೇಲೆ ನನ್ ಕೆಲ್ಸದ ಹತ್ರ ಕಾಲಿಟ್ರೆ ನೋಡು!"

ಅಷ್ಟು ಜೋರಾಗಿ ಅವನು ಅವಳನ್ನು ಮನೆಯಲ್ಲೂ ಬೈದಿರಲಿಲ್ಲ. ನಿಂಗಕ್ಕ ಎದ್ದು ಸೀರೆ ಕೊಡವಿಕೊಂಡು ಗೇಟಿನ ಆಚೆ ಹೋಗಿ ಜಲ್ಲಿ ರಾಶಿಯ ಪಕ್ಕ ಕುಳಿತಳು.

ಓಬಯ್ಯ ಮೇನ್ ಆಫ್ ಮಾಡಿದ. ಪೆಟ್ಟಿಗೆ ಬಿಚ್ಚಿದರೆ ಇಪ್ಪತ್ತೊಂದು ತುದಿ, ಗಂಟು ನಂಬುವ ಹಾಗಿಲ್ಲ, ಸುತ್ತ ಜನ. ಆದ್ದರಿಂದ ಪೆಟ್ಟಿಗೆ ಮುಟ್ಟದೆ ತೂಗುದೀಪವನ್ನೇ ಕೆಳಗಿಳಿಸಿ, ಕಪ್ಪನ್ನು ಬಿಟ್ಟು ಉಳಿದೆರಡು ವೈರುಗಳನ್ನು ಅಲ್ಲೇ ಅದಲು ಬದಲು ಮಾಡಿದ. ದೀಪ ಹತ್ತಿತು. ಮೈಗೆ ಟೆಸ್ಟರ್ ಇಟ್ಟರೆ ಹತ್ತಲಿಲ್ಲ. ಜನ ಸಮಾಧಾನವಾಗಿ ಉಪ್ಪಿಟ್ಟಿಗೆ ಕುಳಿತರು. ಆದರೆ ಅಲ್ಲಿಗೆ ಕೆಲಸ ಸರಿಯಾದಂತಾಗಲಿಲ್ಲ. ಆ ದೀಪದ ಪೈಪಿನೊಳಗೆ ಈಗ ಹಸಿರು ವೈರಿನಲ್ಲಿ ಕರೆಂಟು ಹರಿಯುತ್ತಿತ್ತು.

ಮನೆಗೆ ಹೋಗುವ ದಾರಿಯಲ್ಲಿ ಗಂಟು ಹೇಗೆ ತಪ್ಪಿತೆಂದು ಅವನು ಕೇಳಿದ. ಅವಳು ಹೇಳಿದಳು.

"ದೀಪಾವಳಿಯಿಂದ ಬಣ್ಣ ಸರಿಯಾಗಿ ಕಾಣವಲ್ದು. ಶುಗರ್ ಮಾತ್ರೆ ಅಂತ ಹೇಳಿ ಮಗಳ ಕೂಟೆ ದುರ್ಗದ ದೊಡ್ಡಾಸ್ಪತ್ರೆಗೆ ಹೋಗಿದ್ನಲ್ಲ, ಅವತ್ತು ಡಾಕ್ಟ್ರು ಕಣ್ಣು ನೋಡಿದ್ರು. ಒಳಗಿನ ನರ ಹಾಳಾಗೈತೆ, ಹೋಗಿದ್ದು ವಾಪಸ್ ಬರಲ್ಲ ಅಂದ್ರು."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಕೆಲ್ಸ ಬಿಡ್ತಿದ್ರಿ."

ಮೊಪೆಡ್ಡಿನ ಹಿಂದೆ ಅವಳು ಏಣಿ ಹಿಡಿದು ಕುಳಿತಿದ್ದಳು. ಅವನಿಗೆ ಅವಳ ಮುಖ ಕಾಣುತ್ತಿರಲಿಲ್ಲ, ಅದೇ ಒಳ್ಳೆಯದಾಯಿತು ಅನ್ನಿಸಿತು. ದೀಪಾವಳಿಯಿಂದ ಈಚೆಗೆ ಮಾಡಿದ ಮನೆಗಳು ಇನ್ನೂ ನಾಲ್ಕು. ಎರಡು ದಿನ ಏನೋ ನೆಪ ಹೇಳಿಕೊಂಡು ಆ ನಾಲ್ಕೂ ಮನೆಗೆ ಹೋಗಿ ದೀಪ, ಫ್ಯಾನು, ಫ್ರಿಜ್ಜು ಎಲ್ಲದರ ಮೈಗೂ ಟೆಸ್ಟರ್ ಇಟ್ಟು ನೋಡಿದ. ಎಲ್ಲ ಸರಿ ಇತ್ತು. ಕಾಣದ ಕಣ್ಣಲ್ಲೂ ಅವಳು ತಪ್ಪಿದ್ದು ಒಂದೇ ಜೋಡಿ ಗಂಟು.

ಅಲ್ಲಿಗೆ ಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಗುರುವಾರ ಸಂಜೆ ಎಲೆಕ್ಟ್ರಿಕಲ್ ಅಂಗಡಿಯ ಮುಂದೆ ಕೈಸರ್ ಸಿಕ್ಕಿದ. ಉಸ್ಮಾನ್ ಸಾಬರ ಮಗ, ಹೊಸದುರ್ಗದಲ್ಲಿ ಅಪ್ಪನ ಕೆಲಸವನ್ನೇ ಮುಂದುವರಿಸಿದವನು.

"ಓಬಣ್ಣ, ಬೇಜಾರ್ ಮಾಡ್ಕಬ್ಯಾಡ. ಮುರುಗೇಶಪ್ಪರು ಕರೆದವ್ರೆ. ಆ ಹಿತ್ತಾಳೆ ದೀಪ ಬ್ಯಾಡಂತೆ, ಸೊಸೆ ಹೆದ್ರಿಕಂಡವ್ಳಂತೆ. ನಾಳೆ ಬೆಳಿಗ್ಗೆ ಬಿಚ್ಚಿ ಬೇರೆ ಹಾಕ್ಬೇಕು."

ಓಬಯ್ಯ ತಲೆಯಾಡಿಸಿ ಮನೆಗೆ ಬಂದ. ಉಸ್ಮಾನ್ ಸಾಬರ ಕೈಕೆಳಗೆ ಕಲಿತವರಿಗೆಲ್ಲ ಒಂದು ಅಭ್ಯಾಸ, ವೈರಿನ ಸಿಪ್ಪೆಯನ್ನು ಹಲ್ಲಲ್ಲಿ ಕಚ್ಚಿ ಎಳೆಯುವುದು. ಸ್ವಿಚ್ ಆಫ್ ಮಾಡಿಕೊಂಡರೆ ಸರಿ. ಆದರೆ ಕೈಸರ್ ಸ್ವಿಚ್ ಆಫ್ ಮಾಡುವ ಜಾತಿಯವನಲ್ಲ, ಕೆಂಪಿನ ತುದಿಗೆ ಟೇಪು ಸುತ್ತಿ ಪಕ್ಕಕ್ಕಿಟ್ಟು ಕೆಲಸ ಮುಂದುವರಿಸುವವನು. ಇನ್ನು ಹಸಿರು ವೈರಿಗೆ ಯಾವ ವೈರ್‌ಮನ್ ಹೆದರುತ್ತಾನೆ? ಸೀದಾ ಬಾಯಿಗೇ ಇಡುತ್ತಾನೆ.

ಫೋನಿನಲ್ಲಿ ಮೇನ್ ಆಫ್ ಮಾಡಿಕೋ ಅಂತ ಒಂದು ಮಾತು ಹೇಳಿ ಮುಗಿಸಬಹುದು ಅಂತಲೂ ಯೋಚಿಸಿದ. ಯಾಕೆ ಅಂತ ಕೇಳಿದರೆ? ಕೇಳದೆಯೂ ನಕ್ಕು ಸುಮ್ಮನಾದರೆ? ಬೆಳಿಗ್ಗೆ ನಿಂಗಕ್ಕನಿಗೆ ಹೇಳದೆ ಮೊಪೆಡ್ಡು ತೆಗೆದ.

ಮುರುಗೇಶಪ್ಪನ ನಡುಮನೆಯಲ್ಲಿ ಕೈಸರ್ ಆಗಲೇ ಏಣಿಯ ಮೇಲಿದ್ದ.

"ಕೈಸರ್, ಕೆಳಗಿಳಿ. ಆ ಹಸಿರಿನಾಗೆ ಕರೆಂಟ್ ಐತೆ."

"ಹಸಿರಿನಾಗಾ?" ಕೈಸರ್ ನಗುತ್ತಾ ಟೆಸ್ಟರ್ ಇಟ್ಟ. ನಗು ನಿಂತಿತು. ಇಳಿದು ಬಂದು ಏಣಿಗೆ ಒರಗಿ ನಿಂತುಕೊಂಡ. "ಇದು ಯಾರ್ ಮಾಡಿದ್ದು ಓಬಣ್ಣ?"

ಓಬಯ್ಯ ಹೇಳಿದ. ನಿಂತಲ್ಲೇ, ಒಂದನ್ನೂ ಬಿಡದೆ ಹೇಳಿದ. ಬಳೆಯಿಂದ ಹಿಡಿದು ದಾರದವರೆಗೆ, ದೀಪಾವಳಿಯಿಂದ ಹಿಡಿದು ಸೋಮವಾರದವರೆಗೆ. ಮುರುಗೇಶಪ್ಪ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಇಪ್ಪತ್ತಾರು ವರ್ಷ ಹಿಂಗೇ ಎಲ್ರ ಮನೆ ಏಣಿ ಹತ್ತಿದ್ದೇನಪ್ಪ ನೀನು?" ಅಂದ. "ಹೋಗು. ಇನ್ ಈ ಕಡೆ ಬರಬ್ಯಾಡ."

ಕೈಸರ್ ಗೇಟಿನವರೆಗೆ ಬಂದ. "ನಮ್ಮ ಅಬ್ಬಾಗೆ ಗೊತ್ತಿದ್ದಿದ್ರೆ ನಿಂಗೆ ಬೇರೆ ಏನಾದ್ರೂ ಕೆಲ್ಸ ಕಲಿಸ್ತಿದ್ರು" ಎಂದಷ್ಟೇ ಹೇಳಿ ಒಳಗೆ ಹೋದ.

ಸುದ್ದಿಗೆ ಕಾಲು ಬಂತು. ಓಬಯ್ಯ ಪೇಟೆ ದಾಟುವ ಹೊತ್ತಿಗೆ ಮೂರು ಜನ ಫೋನ್ ಮಾಡಿದರು. ಜವಳಿ ಅಂಗಡಿಯ ಜುಂಜಣ್ಣ, ಒಪ್ಪಿಕೊಂಡಿದ್ದ ಕೆಲಸ ಬೇಡ ಅಂದ. ಇನ್ನಿಬ್ಬರು ತಮ್ಮ ಮನೆಯ ವೈರೆಲ್ಲ ಬೇರೆಯವರ ಕೈಲಿ ಬಿಚ್ಚಿಸಿ ನೋಡುತ್ತೇವೆ ಅಂದರು. ಮುಂದಿನ ತಿಂಗಳೆಲ್ಲ ಹೀಗೆ ಬಿಚ್ಚಿಸಿದವರಿಗೆ ಎಲ್ಲಿಯೂ ಒಂದು ತಪ್ಪೂ ಸಿಗಲಿಲ್ಲ, ಆದರೆ ಅದನ್ನು ಹೇಳಲು ಯಾರೂ ಫೋನ್ ಮಾಡಲಿಲ್ಲ.

ಮನೆಗೆ ಬಂದಾಗ ನಿಂಗಕ್ಕ ಹೊಸ್ತಿಲ ಒಳಗೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ಓಬಯ್ಯ ಎದುರಿಗೆ ಕುಳಿತು ಎಲ್ಲ ಹೇಳಿಬಿಟ್ಟೆ ಅಂದ. ಯಾಕೆ ಹೇಳಬೇಕಾಯಿತು ಅನ್ನುವುದನ್ನೂ ಹೇಳಿದ. ಕೈಸರ್ ಉಳಿದ ಅನ್ನುವುದನ್ನೂ ಹೇಳಿದ. ಇನ್ನು ಯಾರೂ ಕರೆಯುವುದಿಲ್ಲ ಅಂದ.

ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಹೇಳಿದ್ದು ಒಳ್ಳೇದೇ ಆತು. ಆದ್ರೆ ಇದನ್ನ ಸೋಮವಾರಾನೇ ಹೇಳ್ಬಹುದಿತ್ತಲ್ರಿ. ಅಷ್ಟು ಜನದ ಮುಂದೆ ನಾನು ಬೈಸ್ಕಂಡಿದ್ದು ದಂಡ ಆತಲ್ಲ."

ಓಬಯ್ಯ ತಾನೂ ಒಂದು ಹಿಡಿ ಅವರೆಕಾಯಿ ಎಳೆದುಕೊಂಡು ಸುಲಿಯತೊಡಗಿದ. ಅಷ್ಟು ಜನರಲ್ಲಿ ಎಲ್ಲರಿಗಿಂತ ಜೋರಾಗಿ ಬೈದವನು ಯಾರು ಎಂದು ಇಬ್ಬರಿಗೂ ಗೊತ್ತಿತ್ತು.