ಭಾಗ್ಯಳಿಗೆ ಬಡಿಸಿದ ಮೂರನೆಯ ಮುದ್ದೆ

ಭಾಗ್ಯ, ಅವತ್ತು ನಿನ್ನ ತಟ್ಟೆಗೆ ನಾನು ಮೂರನೆಯ ಮುದ್ದೆ ಹಾಕಿದ್ದು ಪ್ರೀತಿಯಿಂದಲ್ಲ. ನೀನು ಸೋಲಲಿ ಅಂತ ಹಾಕಿದೆ. ಇಪ್ಪತ್ತು ವರ್ಷ ಇದನ್ನು ಹೇಳದೆ ನಿನ್ನ ಜೊತೆ ನಗುನಗುತ್ತಾ ಇದ್ದೆ — ಅದು ಇನ್ನೊಂದು ತಪ್ಪು.

ದೊಡ್ಡಆಲಹಳ್ಳಿಯಿಂದ ಬಸ್ಸು ಹಿಡಿದು ಕನಕಪುರದ ಕುಂಗ್‌ಫೂ ತರಗತಿಗೆ ಹೋಗುತ್ತಿದ್ದ ಹುಡುಗಿಯರು ನಾವಿಬ್ಬರೇ. ನಮ್ಮಿಬ್ಬರಲ್ಲಿ ಒಬ್ಬರನ್ನು ಮೂರು ತಿಂಗಳು ಚೀನಾದ ತಮ್ಮ ಗುರುಗಳ ಶಾಲೆಗೆ ಕಳಿಸುತ್ತೇನೆ ಅಂದರು ಮಾಸ್ಟರು. ಆಯ್ಕೆಗೆ ಒಂದೇ ಪರೀಕ್ಷೆ, ಕುದುರೆ ನಿಲುವು. ಕಾಲು ಅಗಲಿಸಿ, ಮಂಡಿ ಬಗ್ಗಿಸಿ, ಕುದುರೆಯ ಮೇಲೆ ಕೂತವರ ಹಾಗೆ ಗಾಳಿಯಲ್ಲಿ ಕೂರಬೇಕು. ಕೊನೆಯವರೆಗೂ ಅಲುಗದವರು ಚೀನಾಕ್ಕೆ. ನೀನೋ, ಹಾಗೆ ನಿಂತುಕೊಂಡೇ ಹರಟೆ ಹೊಡೆಯುತ್ತಿದ್ದವಳು. ನನಗೆ ಹತ್ತು ನಿಮಿಷಕ್ಕೇ ತೊಡೆ ನಡುಗುತ್ತಿತ್ತು. ಹೊಟ್ಟೆಕಿಚ್ಚು — ಅದಕ್ಕೆ ಬೇರೆ ಹೆಸರು ಏನಿದೆ?

ಪರೀಕ್ಷೆಯ ದಿನ ನಿನ್ನನ್ನು ಮಧ್ಯಾಹ್ನದ ಊಟಕ್ಕೆ ಕರೆದೆ. ನಾಟಿಕೋಳಿ ಸಾರು. ಬಡಿಸುವ ಕೈಯನ್ನು ತಡೆದರೆ ಮನೆಯವರು ನೊಂದುಕೊಳ್ಳುತ್ತಾರೆ ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು. ನಾನು ಅದನ್ನೇ ಹಿಡಿದುಕೊಂಡೆ.

"ಸಾಕು ಕಣೇ ನಾಗು, ಎದ್ ನಿಂತ್ಕೊಳಕ್ಕೂ ಆಗಕಿಲ್ಲ," ಅಂದೆ ನೀನು.

"ಅವ್ವ ಬೇಜಾರ್ ಮಾಡ್ಕತಾಳೆ, ಇನ್ನೊಂದ್ ಒಸಿ ಉಣ್ಣು," ಅಂದೆ ನಾನು.

ಅವ್ವ ಪಾಪ ಒಲೆಯ ಮುಂದಿದ್ದಳು, ಅವಳಿಗೇನೂ ಗೊತ್ತಿಲ್ಲ. ಒಸಿ ಅಂದದ್ದು ನನ್ನ ಎರಡು ಮುಷ್ಟಿಯಷ್ಟಿತ್ತು. ನಾನು ಮಾತ್ರ ತಲೆನೋವು ಅಂತ ಸುಳ್ಳು ಹೇಳಿ ಒಂದು ಲೋಟ ಮಜ್ಜಿಗೆ ಕುಡಿದು ಎದ್ದೆ.

ಪರೀಕ್ಷೆಯಲ್ಲಿ ಏಳನೆಯ ನಿಮಿಷಕ್ಕೆ ನಿನಗೆ ತೇಗು ಬಂತು. ಮಾಸ್ಟರು ದುರುಗುಟ್ಟಿ ನೋಡಿದರು. ಅದಕ್ಕಿಂತ ದೊಡ್ಡದು ಇನ್ನೊಂದು ಬಂತು. ಎಲ್ಲರೂ ನಕ್ಕರು, ನೀನೂ ನಕ್ಕೆ, ನಗುತ್ತಾ ನಗುತ್ತಾ ಹಿಂದಕ್ಕೆ ಬಿದ್ದೆ. ನಾನು ನಗಲಿಲ್ಲ. ಹಾಗಾಗಿ ಗೆದ್ದೆ. ಬಸ್ಸಿನಲ್ಲಿ ನೀನು ನನ್ನ ಕೈ ಹಿಡಿದು, "ನೀನ್ ಹೋದ್ರೆ ನಾನ್ ಹೋದಂಗೇ ಕಣೇ," ಅಂದೆ. ಆಗಲಾದರೂ ಹೇಳಬಹುದಿತ್ತು...

ಚೀನಾದ ಆ ಬೆಟ್ಟದ ಬುಡದ ಶಾಲೆಯಲ್ಲಿ ಗುರುಗಳು ಮೊದಲ ದಿನ ಹೇಳಿದ ಮೊದಲ ನಿಯಮ ಏನು ಗೊತ್ತಾ? ಅಭ್ಯಾಸಕ್ಕೆ ಮುಂಚೆ ಹೊಟ್ಟೆ ಬಿರಿಯ ತಿನ್ನಬಾರದು. ಅಷ್ಟು ದೂರ ವಿಮಾನ ಹತ್ತಿ ಹೋಗಿ ಕಲಿತ ಪಾಠ ನನಗೆ ಊರಲ್ಲೇ ಗೊತ್ತಿತ್ತು. ದಿನಾ ಬೆಳಗ್ಗೆ ತೆಳ್ಳಗಿನ ಅಕ್ಕಿ ಗಂಜಿ, ಆಮೇಲೆ ಕುದುರೆ ನಿಲುವು. ನನ್ನ ಮಂಡಿ ಮೇಲೆದ್ದರೆ ಗುರುಗಳು ಬಿದಿರು ಕೋಲಿನಿಂದ ಮೆಲ್ಲಗೆ ತಟ್ಟುತ್ತಿದ್ದರು. ತಟ್ಟಿದಾಗೆಲ್ಲ ನಿನ್ನ ನೆನಪಾಗುತ್ತಿತ್ತು — ಈ ಜಾಗದಲ್ಲಿ ಅವಳು ನಿಲ್ಲಬೇಕಿತ್ತು ಅಂತ. ಆದರೂ ಅಲ್ಲಿ ನನಗೆ ಖುಷಿಯಿರಲಿಲ್ಲ ಅಂದರೆ ಅದು ಮತ್ತೊಂದು ಸುಳ್ಳು. ತುಂಬಾ ಖುಷಿಯಾಗಿದ್ದೆ, ಭಾಗ್ಯ. ಅದಕ್ಕೇ ಹೆಚ್ಚು ನಾಚಿಕೆ.

ಈಗ ಮಾಗಡಿಯಲ್ಲಿ ನಾನೇ ಕಲಿಸುತ್ತೇನೆ. ಹತ್ತಿರದ ನಿಮ್ಮೂರು ಕಲ್ಯದಿಂದ ನಿನ್ನ ಮಗಳು ಸಿಂಚನಾ ಬರುತ್ತಾಳೆ, ನಿನ್ನ ಕಾಲೇ ಅವಳಿಗೆ ಬಂದಿದೆ. ಭಾನುವಾರ ಮಧ್ಯಾಹ್ನ ನಮ್ಮ ಹಳೆಯ ಮಾಸ್ಟರು ಬಂದು ಅದೇ ಶಾಲೆಗೆ ಒಬ್ಬರನ್ನು ಆರಿಸುತ್ತಾರೆ. ನಿನ್ನೆ ನೀನು ಫೋನಿನಲ್ಲಿ ಹೇಳಿದೆ: "ಪರೀಕ್ಷೆಗೆ ಮುಂಚೆ ನಿಮ್ಮನೆಗೇ ಕರ್ಕೊಂಡ್ ಬತ್ತೀನಿ. ಅವತ್ತು ನಂಗೆ ಇಕ್ಕಿದಂಗೇ ಇವಳ್ಗೂ ಇಕ್ಕು. ನಾನ್ ಸೋತ್ರೂ ಆ ಊಟ ಮರ್ತಿಲ್ಲ ಕಣೇ. ಅಷ್ಟ್ ಪ್ರೀತಿಯಿಂದ ನಂಗೆ ಇನ್ಯಾರೂ ಇಕ್ಕಿಲ್ಲ."

ಆ ಮಾತು ಕೇಳಿದ ಮೇಲೂ ಸುಮ್ಮನಿದ್ದರೆ ನಾನು ಮನುಷ್ಯಳೇ ಅಲ್ಲ. ಅದಕ್ಕೇ ಈ ಪತ್ರ.

ಓದಿದ ಮೇಲೆ ಬರುವುದು ಬಿಡುವುದು ನಿನಗೆ ಬಿಟ್ಟದ್ದು. ಬೈಯಬೇಕಾದರೆ ಮನಸಾರೆ ಬೈದುಬಿಡು, ಮಗಳನ್ನು ಮಾತ್ರ ಕಳಿಸು. ಪರೀಕ್ಷೆಗೆ ಮುಂಚೆ ಅವಳಿಗೆ ಅರ್ಧ ಲೋಟ ರಾಗಿ ಗಂಜಿ. ಇನ್ನಷ್ಟು ಕೇಳಿದರೂ ಕೊಡುವುದಿಲ್ಲ. ಮುದ್ದೆ ಏನಿದ್ದರೂ ಎಲ್ಲ ಮುಗಿದ ಮೇಲೆ. ನೀನೂ ಬಂದರೆ ನಿನ್ನ ತಟ್ಟೆಗೂ ಒಂದು ಹಾಕುತ್ತೇನೆ. ಸಾಕು ಅಂದ ತಕ್ಷಣ ಕೈ ಹಿಂದಕ್ಕೆ ತೆಗೆಯುತ್ತೇನೆ.